ಯಂತ್ರದ ಹಿಂದೆ ಹುಡುಕಿದ ಅರಿಷಿಣದ ದಾರ

ಆ ಶುಕ್ರವಾರ ಬೆಳಿಗ್ಗೆಯೂ ನಾನು ಎಂದಿನಂತೆ ಮೊದಲು ನಲ್ಲಿಯ ನೀರು ಹಿಡಿದೆ. ಪುಣೆಯ ಸದಾಶಿವ ಪೇಠೆಯಲ್ಲಿ, ಒಂದೇ ಅಂಗಳದ ಸುತ್ತ ಹಲವು ಸಂಸಾರಗಳಿದ್ದ ನಮ್ಮ ಹಳೆಯ ವಾಡೆಯಲ್ಲಿ ನೀರು ಬರುತ್ತಿದ್ದುದು ಬೆಳಗಿನ ಹೊತ್ತು ಮಾತ್ರ. ಮನೆಯ ಯಜಮಾನ ಆಸ್ಪತ್ರೆಯಲ್ಲಿದ್ದಾನೆಂದು ನಲ್ಲಿ ಕಾಯುವುದಿಲ್ಲ. ಕೊಡ ತುಂಬಿಟ್ಟು, ಅಂಗಳದಲ್ಲಿ ನಮ್ಮ ಬಾಗಿಲ ಮುಂದಿನ ಜಾಗ ಗುಡಿಸಿ ರಂಗೋಲಿ ಎಳೆದೆ. ಬನಶಂಕರಿ ತಾಯಿಯ ಫೋಟೋದ ಮುಂದೆ ಹಚ್ಚಿದ ದೀಪ ಚಟಚಟ ಎಂದು ಆರಿತು. ಮತ್ತೆ ಹಚ್ಚಿದೆ, ಮತ್ತೆ ಆರಿತು. ಕಿರಾಣಿ ಅಂಗಡಿಯವನು ಎಣ್ಣೆಯಲ್ಲಿ ಏನೋ ಬೆರೆಸಿದ್ದಾನೆ ಎಂದುಕೊಂಡೆ. ಆ ದಿನಗಳಲ್ಲಿ ನನಗೆ ಎಲ್ಲರ ಮೇಲೂ ಸಂಶಯ, ಎಣ್ಣೆ ಮಾರುವವನ ಮೇಲೂ. ಬತ್ತಿ ಬದಲಿಸಿದ ಮೇಲೆ ದೀಪ ನಿಂತಿತು.

ರೊಟ್ಟಿ ಬಡಿದು, ಹೆಸರುಕಾಳಿನ ಪಲ್ಯ ಮಾಡಿ ಡಬ್ಬಿಗೆ ತುಂಬಿದೆ. ಮಗಳು ಪ್ರಿಯಾ ಆಗ ಒಂಬತ್ತನೆಯ ಇಯತ್ತೆ. ಅವಳಿಗೆ ಎರಡು ಜಡೆ ಹೆಣೆಯುವಾಗ ಕನ್ನಡಿಯಲ್ಲಿ ನನ್ನ ಮುಖವನ್ನೇ ನೋಡುತ್ತಿದ್ದಳು. "ಮಮ್ಮಿ, ಪಪ್ಪಾಗ ಇವತ್ತ ಎಚ್ಚರ ಆಗ್ತದೇನು?" ಎಂದಳು. ಡಾಕ್ಟರರು ಬೇಕೆಂದೇ ನಿದ್ದೆ ಮಾಡಿಸಿದ್ದಾರೆ, ನಿದ್ದೆಯಲ್ಲಿ ಮೈ ಬೇಗ ಸುಧಾರಿಸುತ್ತದೆ ಎಂದು ನನಗೆ ಹೇಳಿದ್ದನ್ನೇ ಅವಳಿಗೂ ಹೇಳಿದೆ. ನಾನು ನಂಬದ ಮಾತನ್ನು ಮಗಳಿಗೆ ನಂಬಿಸುವುದು ಸುಲಭವಲ್ಲ. ರಿಬ್ಬನ್ನು ಬಿಗಿಯಾಯಿತೆಂದು ಅವಳು ತಲೆ ಎಳೆದುಕೊಂಡಳು.

ಅದು ೨೦೦೯ರ ಶ್ರಾವಣ. ಪುಣೆಯ ಜನ ಹಂದಿಜ್ವರಕ್ಕೆ ಹೆದರಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಸ್ಸು ಹತ್ತುತ್ತಿದ್ದ, ಯಾರಾದರೂ ಕೆಮ್ಮಿದರೆ ಪಕ್ಕದವರು ಎದ್ದು ಹೋಗಿ ನಿಲ್ಲುತ್ತಿದ್ದ ಕಾಲ. ನಮ್ಮ ಯಜಮಾನರು ಭೋಸರಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇಥ್ ಯಂತ್ರಗಳ ಮೇಲ್ವಿಚಾರಕರು. ಜ್ವರ ಬಂದಾಗ ಎರಡು ಮಾತ್ರೆ ನುಂಗಿ ಕೆಲಸಕ್ಕೆ ಹೋದರು. ಒಂದು ಸಂಜೆ ವಾಡೆಯ ಮರದ ಮೆಟ್ಟಿಲು ಹತ್ತುವಾಗ ನಡುವೆ ಕೂತುಬಿಟ್ಟರು. ಅವರ ಉಗುರುಗಳು ನೇರಳೆ ಹಣ್ಣು ತಿಂದವರ ನಾಲಗೆಯ ಬಣ್ಣಕ್ಕೆ ತಿರುಗಿದ್ದವು. ಆಸ್ಪತ್ರೆಗೆ ಸೇರಿಸಿದ ಮೇಲೆ ಮೊದಲು ಮೂಗಿಗೆ ಗಾಳಿ, ಆಮೇಲೆ ಬಾಯಿಯೊಳಗೆ ಕೊಳವೆ. ಅದೂ ಸಾಲದಾದಾಗ, ಎರಡೂ ಶ್ವಾಸಕೋಶ ಕಟ್ಟಿಹೋಗಿವೆ, ಅವು ಚೇತರಿಸಿಕೊಳ್ಳುವವರೆಗೆ ಉಸಿರಿನ ಕೆಲಸವನ್ನು ಹೊರಗಿನ ಯಂತ್ರಕ್ಕೆ ಒಪ್ಪಿಸಬೇಕು ಎಂದು ಎಲ್ಲರೂ ದೇವಧರ ಬಾಯಿ ಎನ್ನುತ್ತಿದ್ದ ಲೇಡಿ ಡಾಕ್ಟರು ಹೇಳಿದರು. ಯಂತ್ರವನ್ನು ಮುಂಬೈಯಿಂದ ತರಿಸಿದರು. ಅದನ್ನು ನಡೆಸುವ ತಂತ್ರಜ್ಞ ಸಾವಂತ್ ಎಂಬವರೂ ಜೊತೆಗೇ ಬಂದರು.

ಆ ಕೃತಕ ಶ್ವಾಸಕೋಶವನ್ನು ಮೊದಲ ಸಲ ಕಂಡಾಗ ನನಗೆ ನಂಬಿಕೆಯೇ ಬರಲಿಲ್ಲ. ನಮ್ಮ ಊಟದ ಡಬ್ಬಿಗಿಂತ ಹೆಚ್ಚು ದೊಡ್ಡದಲ್ಲ, ಪಾರದರ್ಶಕ ಪೆಟ್ಟಿಗೆ. ಮಂಚದ ಪಕ್ಕ ಒಂದು ಗಾಲಿಗಾಡಿಯ ಮೇಲೆ ಕೂತಿತ್ತು. ತೊಡೆಯ ಸಂದಿಯಿಂದ ದಪ್ಪ ಕೊಳವೆಯಲ್ಲಿ ಕಪ್ಪು ರಕ್ತ ಹೊರಬಂದು, ಆ ಪೆಟ್ಟಿಗೆಯಲ್ಲಿ ಹಾಯ್ದು, ಕುಂಕುಮದ ಕೆಂಪಾಗಿ ಕುತ್ತಿಗೆಯಿಂದ ಒಳಗೆ ಹೋಗುತ್ತಿತ್ತು. ಮನುಷ್ಯನ ಮೈಯ ರಕ್ತ ಹೀಗೆ ಕಣ್ಣೆದುರು ಹೊರಗೆ ತಿರುಗಾಡುವುದನ್ನು ನೋಡಿದ ಮೇಲೆ ನಾನು ಯಾವುದನ್ನೂ ಸುಮ್ಮನೆ ಒಪ್ಪಿಕೊಳ್ಳದಾದೆ.

ನಾನು ಧಾರವಾಡದಲ್ಲಿ ಕಾನ್ವೆಂಟ್ ಓದಿದವಳು. ಟಾನಿಕ್ ಕುಡಿಯುವ ಮೊದಲು ಬಾಟಲಿಯ ಮೇಲಿನ ಚೀಟಿ ಓದಬೇಕು ಎಂದು ನಮ್ಮ ಮದರ್ ಕಲಿಸಿದ್ದರು. ಅದೇ ಅಭ್ಯಾಸದಿಂದ ಒಂದು ಸಿರಿಂಜಿನ ಮೇಲೆ ಹೆಪಾರಿನ್ ಎಂದು ಬರೆದದ್ದನ್ನು ಓದಿ, ಅದೇನೆಂದು ಕೇಳಿದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ ಎಂದರು. ಮರುದಿನವೇ, ರಕ್ತ ಹೆಪ್ಪುಗಟ್ಟಿಸುವ ಅಂಶ ಕಡಿಮೆಯಾಗಿದೆ, ಪ್ಲೇಟ್ಲೆಟ್ ಬೇಕು, ಪ್ಲಾಸ್ಮಾ ಬೇಕು, ರಕ್ತ ಕೊಡುವವರನ್ನು ಕರೆಸಿರಿ ಎಂದರು. ಒಂದು ಕೈಯಿಂದ ಸಾರಿಗೆ ನೀರು ಸುರಿಯುವುದು, ಇನ್ನೊಂದು ಕೈಯಿಂದ ಗಟ್ಟಿಯಾಗಲೆಂದು ಬೇಳೆ ಹಾಕುವುದು. ಇದು ಎಂಥ ಅಡುಗೆ?

ಡಾಕ್ಟರ್ ಬಾಯಿ ಇದನ್ನು ನನಗೆ ಬಿಡಿಸಿ ಹೇಳಿದ್ದರು. ಅವರು ಮಾತಾಡುತ್ತಿದ್ದುದು ಮರಾಠಿಯಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ರಕ್ತಕ್ಕೆ ತನ್ನ ನಾಳದ ಗೋಡೆ ಮಾತ್ರ ಪರಿಚಯ. ಪ್ಲಾಸ್ಟಿಕ್ಕು ತಾಗಿದರೆ ಎಲ್ಲೋ ಗಾಯವಾಗಿದೆ ಎಂದು ತಿಳಿದು ಹೆಪ್ಪುಗಟ್ಟಲು ಹೊರಡುತ್ತದೆ. ಅದನ್ನು ತಡೆಯದಿದ್ದರೆ ಯಂತ್ರ ಕಟ್ಟಿಹೋಗುತ್ತದೆ, ಹೆಚ್ಚು ತಡೆದರೆ ಮೈಯಿಂದ ರಕ್ತ ಸೋರುತ್ತದೆ. ಎರಡರ ನಡುವೆ ಸಣ್ಣ ದಾರಿ, ಅದರ ಮೇಲೆ ನಾವು ನಡೆಯುತ್ತಿದ್ದೇವೆ ಎಂದರು. ನಾನು ತಲೆಯಾಡಿಸಿದೆ. ಮೆಟ್ಟಿಲಿಳಿಯುವಾಗ, ಇಷ್ಟು ಚೆನ್ನಾಗಿ ಹೇಳಿದರೆಂದರೆ ಬೇರೆ ಏನನ್ನೋ ಮುಚ್ಚಿಡುತ್ತಿದ್ದಾರೆ ಎನ್ನಿಸಿತು.

ರಕ್ತ ಕೊಡಲು ಭೋಸರಿಯ ಕಾರ್ಖಾನೆಯವರು ಪಾಳಿ ಮುಗಿಸಿ, ಕೈಯ ಎಣ್ಣೆ ಮಸಿ ಕೂಡ ಪೂರ್ತಿ ತೊಳೆಯದೆ ಬಂದರು. ಅವರಲ್ಲಿ ಕಲಬುರಗಿ ಕಡೆಯ ಶರಣಪ್ಪ ಎಂಬವರು ಹತ್ತಿ ಒತ್ತಿದ ತೋಳು ಮಡಚಿಕೊಂಡು ಹೊರಬಂದು, "ಬಾಯಾರ, ನನ್ನ ರಕ್ತ ಸಾಹೇಬ್ರ ಮೈಯಾಗ ಹೋತಂದ್ರ ಇನ್ನ ಮ್ಯಾಲ ನನಗ ಬೈಯೂದು ಬಿಡ್ತಾರ ನೋಡ್ರಿ, ತಮಗ ತಾವ ಬೈಕೊಂಡಂಗ ಆಗ್ತದ" ಎಂದರು. ಅಷ್ಟು ದಿನಗಳಲ್ಲಿ ನಾನು ನಕ್ಕದ್ದು ಅದೊಂದು ಸಲ.

ಆದರೆ ಯಾರ ರಕ್ತ ಕೊಟ್ಟರೂ ನಿಲ್ಲುತ್ತಿರಲಿಲ್ಲ. ಮೂಗಿನಲ್ಲಿಟ್ಟ ಹತ್ತಿ ಕೆಂಪು, ಹಲ್ಲಿನ ಸಂದಿ ಕೆಂಪು, ಕುತ್ತಿಗೆಯ ಕೊಳವೆಯ ಸುತ್ತ ಕಟ್ಟಿದ ಪಟ್ಟಿಯನ್ನು ಬದಲಿಸಿದಷ್ಟೂ ಕೆಂಪು. ತೋಳಿನ ಮೇಲೆಲ್ಲ ಶಾಯಿ ಚೆಲ್ಲಿದಂಥ ನೀಲಿ ಕಲೆ. ಹೆಪಾರಿನ್ ಕಡಿಮೆ ಮಾಡಿದರು, ಆದರೂ ನಿಲ್ಲಲಿಲ್ಲ. ಗುರುವಾರ ಸಂಜೆ ಡಾಕ್ಟರ್ ಬಾಯಿ ನನ್ನನ್ನು ಕೂರಿಸಿ, ಸೋಂಕು ರಕ್ತಕ್ಕೆ ಇಳಿದಿರಬೇಕು, ತಲೆಯೊಳಗೆ ರಕ್ತ ಒಸರಿದರೆ ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ ಎಂದರು. ನಾಳೆ ಸಂಜೆಯವರೆಗೆ ನೋಡೋಣ, ಸೋರುವುದು ನಿಲ್ಲದಿದ್ದರೆ ಯಂತ್ರ ನಿಲ್ಲಿಸುವ ವಿಚಾರ ಮಾಡಬೇಕಾಗುತ್ತದೆ ಎಂದರು. ನಿಲ್ಲಿಸಿದರೆ ಅವರ ಸ್ವಂತ ಶ್ವಾಸಕೋಶ ಕೆಲಸ ಮಾಡುತ್ತದೆಯೇ ಎಂದು ಕೇಳಿದೆ. ಅವರು ಪೆನ್ನಿನ ಮುಚ್ಚಳವನ್ನು ತೆಗೆದರು, ಹಾಕಿದರು. ನನಗೆ ಉತ್ತರ ತಿಳಿಯಿತು.

ಶುಕ್ರವಾರವೆಂದರೆ ಆ ದಿನವೇ.

ಇನ್ನು ದಾರದ ಸಂಗತಿ ಹೇಳಬೇಕು. ನಮ್ಮ ಮನೆದೇವರು ಬನಶಂಕರಿ. ಮನೆಯಲ್ಲಿ ಯಾರಿಗಾದರೂ ಕಷ್ಟ ಬಂದರೆ ತಾಯಿಯ ಹೆಸರಿನಲ್ಲಿ ಹಸಿ ನೂಲಿಗೆ ಅರಿಷಿಣ ಹಚ್ಚಿ, ಮುಂಗೈಗೆ ಕಟ್ಟಿ ಹರಕೆ ಹೊರುವುದು ಅತ್ತೆಯವರ ಕಾಲದಿಂದ ಬಂದ ಪದ್ಧತಿ. ಕಷ್ಟ ಕಳೆದು ಮನೆಗೆ ಬಂದ ಮೇಲೆ ದೇವರ ಮುಂದೆಯೇ ಅದನ್ನು ಬಿಚ್ಚಬೇಕು. ಯಂತ್ರ ಜೋಡಿಸುವ ಮೊದಲು ನಾನೇ ಅವರ ಬಲಗೈಗೆ ಕಟ್ಟಿದ್ದೆ. ಸಡಿಲವಾಗಿದೆ, ಇರಲಿ ಎಂದು ನರ್ಸಮ್ಮನವರೂ ಒಪ್ಪಿದ್ದರು.

ಆ ದಾರದ ಮೇಲೆ ನನ್ನ ಕಣ್ಣು ಯಾವಾಗಲೂ ಇರುತ್ತಿದ್ದುದಕ್ಕೆ ಇನ್ನೊಂದು ಕಾರಣವಿತ್ತು. ಎದುರಿನ ಮಂಚದಲ್ಲಿ ಒಬ್ಬರು ತೀರಿಕೊಂಡಾಗ, ಮನೆಯವರಿಗೆ ತಿಳಿಸುವ ಮೊದಲೇ ಆಯಾ ಕತ್ತರಿ ತಂದು ಅವರ ಕೈಯ ಕೆಂಪು ದಾರಗಳನ್ನು ಕಚಕಚ ಕತ್ತರಿಸಿ ಹಾಕಿದ್ದನ್ನು ಗಾಜಿನಾಚೆಯಿಂದ ಕಂಡಿದ್ದೆ. ಅಲ್ಲಿ ದಾರ ಕತ್ತರಿಸಿದರೆ ಮುಗಿಯಿತೆಂದೇ ಅರ್ಥ ಎಂದು ಅಂದೇ ನನ್ನ ಮನಸ್ಸಿನಲ್ಲಿ ಕೂತಿತು.

ರಾತ್ರಿ ಹೊತ್ತು ಆಸ್ಪತ್ರೆಯಲ್ಲಿ ಇರುತ್ತಿದ್ದವರು ನಮ್ಮ ಯಜಮಾನರ ಅಕ್ಕ ಸುಮಿತ್ರಕ್ಕ. ಅವರ ಮನೆ ಬಿಬವೇವಾಡಿಯಲ್ಲಿ, ಅಲ್ಲಿ ಅವರ ಯಜಮಾನರಿಗೆ ಬಳೆ ಅಂಗಡಿ. ಆ ದಿನಗಳಲ್ಲಿ ನಮ್ಮ ಮನೆಯಲ್ಲೇ ಉಳಿದಿದ್ದರು. ಬೆಳಿಗ್ಗೆ ನಾನು ತುಂಬಿದ ಡಬ್ಬಿ ಒಯ್ಯುವುದು, ಅವರು ತಿಂದು, ಖಾಲಿ ಡಬ್ಬಿಯ ಚೀಲ ಹಿಡಿದು ಬಸ್ಸಿನಲ್ಲಿ ವಾಡೆಗೆ ಮರಳುವುದು ನಮ್ಮ ಪಾಳಿ. ಅವರ ಮಾತು ಒರಟು. ಮದುವೆಯಾದಂದಿನಿಂದ ನಾನು ಅವರಿಗೆ ಕಾನ್ವೆಂಟ್ ಬಾಯಿ. ಆಸ್ಪತ್ರೆಯ ಬೆಂಚಿನ ಮೇಲೂ, "ಏನವಾ ಕಾನ್ವೆಂಟ್ ಬಾಯಿ, ಇವತ್ತ ರೊಟ್ಟಿ ಇಂಗ್ಲಿಷ್‌ನ್ಯಾಗ ಬೇಯಿಸೀಯೋ ಕನ್ನಡದಾಗೋ?" ಎನ್ನದೆ ಡಬ್ಬಿ ಬಿಚ್ಚುತ್ತಿರಲಿಲ್ಲ.

ಆ ಬೆಳಿಗ್ಗೆ ಆ ಚೇಷ್ಟೆ ಇರಲಿಲ್ಲ. ನನ್ನ ಮುಖ ನೋಡಲಿಲ್ಲ. ಡಬ್ಬಿಯನ್ನು ಬಿಚ್ಚಲೇ ಇಲ್ಲ, ಮನೆಗೆ ಹೋಗಿ ತಿನ್ನುತ್ತೇನೆ ಎಂದರು. ಹಿಂದಿನ ರಾತ್ರಿಯ ಚೀಲವನ್ನು ಬಾಯಿ ಮಡಚಿ, ಇನ್ನೊಮ್ಮೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡಿದ್ದರು. ರಾತ್ರಿ ಹೇಗಿದ್ದರು ಎಂದು ಕೇಳಿದೆ. "ಇದ್ದಾಂಗ ಇದ್ದಾನ. ನೀ ಒಳಗ ಹೋಗು, ಬಸ್ಸು ಬಂತು" ಎಂದು ಹೊರಟೇಬಿಟ್ಟರು. ಬಸ್ಸು ಬಂದಿರಲಿಲ್ಲ. ಕಿಟಕಿಯಿಂದ ನೋಡಿದರೆ ನಿಲ್ದಾಣದಲ್ಲಿ ಆ ಚೀಲವನ್ನು ಎರಡೂ ಕೈಯಿಂದ ಎದೆಗೊತ್ತಿಕೊಂಡು ನಿಂತಿದ್ದರು. ಡಾಕ್ಟರರು ಇವರಿಗೆ ಏನೋ ಹೇಳಿದ್ದಾರೆ, ಇವರು ನನಗೆ ಮುಚ್ಚಿಡುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು.

ಬೆಳಗಿನ ಭೇಟಿಗೆ ಕೊಡುತ್ತಿದ್ದುದು ಹತ್ತು ನಿಮಿಷ. ಹಸಿರು ನಿಲುವಂಗಿ ತೊಟ್ಟು, ಮೂಗಿಗೆ ಬಟ್ಟೆ ಕಟ್ಟಿ ಒಳಗೆ ಹೋದೆ. ಮೊದಲು ಕೊಳವೆಯ ಬಣ್ಣ ನೋಡಿದೆ, ಆಮೇಲೆ ಕುತ್ತಿಗೆಯ ಪಟ್ಟಿ ನೋಡಿದೆ, ಕೆಂಪೇ ಇತ್ತು. ಆಮೇಲೆ ಬಲಗೈ. ಮುಂಗೈ ಬಾತುಕೊಂಡಿತ್ತು. ಅರಿಷಿಣದ ಕಲೆ ಇತ್ತು, ಅದರ ಸುತ್ತ ಉಂಗುರದ ಹಾಗೆ ನೀಲಿ ಗುರುತು ಇತ್ತು. ದಾರ ಇರಲಿಲ್ಲ.

ಮುಗಿಯಿತು ಎಂದುಕೊಂಡೆ. ಆದರೆ ಯಂತ್ರ ತಿರುಗುತ್ತಿತ್ತು, ಎದೆ ಸ್ವಲ್ಪ ಸ್ವಲ್ಪ ಏರಿಳಿಯುತ್ತಿತ್ತು. ಹಾಗಾದರೆ ಇವರು ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದಾರೆ, ಸಂಜೆಯವರೆಗೆ ಕಾಯುವುದು ಬರಿಯ ಮಾತು ಎಂದು ತಿಳಿದೆ. ಸುಮಿತ್ರಕ್ಕ ಮುಖ ತಪ್ಪಿಸಿದ್ದು ಇದಕ್ಕೇ.

ಹಗಲು ಪಾಳಿಯ ನರ್ಸ್ ಲಿಸ್ಸಿಯವರನ್ನು ದಾರ ಎಲ್ಲಿ ಎಂದು ಕೇಳಿದೆ. ಕೇರಳದವರು, ನನ್ನೊಡನೆ ಹಿಂದಿಯಲ್ಲಿ ಮಾತಾಡುತ್ತಿದ್ದರು. ಈಗಷ್ಟೇ ಬಂದೆ, ರಾತ್ರಿಯವರು ಏನೂ ಹೇಳಿ ಹೋಗಿಲ್ಲ, ಬಿದ್ದಿರಬೇಕು ಎಂದರು. ಗಂಟು ಹಾಕಿದ ದಾರ ತಾನಾಗಿ ಹೇಗೆ ಬೀಳುತ್ತದೆ ಎಂದೆ. ಅಮ್ಮಾ, ನಿಮ್ಮ ದಾರವನ್ನು ನಾನೇನು ಹೊಲಿಗೆಗೆ ಒಯ್ಯಲೇ ಎಂದು ಅವರು ಪಟ್ಟಿಯ ಕಡೆ ತಿರುಗಿದರು. ಮಂಚದ ಕೆಳಗಿನ ಕಸದ ಬುಟ್ಟಿಯನ್ನು ಬಗ್ಗಿ ನೋಡಿದೆ. ಚೀಲ ಹೊಸದು, ಆಗಲೇ ಬದಲಿಸಿದ್ದರು. ಅದೂ ನನಗೆ ಸಂಶಯವೇ. ಇಷ್ಟು ಬೆಳಿಗ್ಗೆ ಯಾಕೆ ಬದಲಿಸಿದರು?

ಹತ್ತು ನಿಮಿಷ ಮುಗಿಯಿತೆಂದು ಬಾಗಿಲಲ್ಲಿದ್ದವನು ಕರೆದ. ನಾನು ಕದಲಲಿಲ್ಲ. ಶಾಲೆಯಲ್ಲಿ ಗಂಟೆ ಹೊಡೆದ ಮೇಲೆ ಒಂದು ಮಾತು ಹೆಚ್ಚು ಆಡಿದವಳಲ್ಲ ನಾನು. ಮಂಚದ ಕಂಬಿ ಹಿಡಿದು ನಿಂತುಬಿಟ್ಟೆ. ಅವನು ಮತ್ತೆ ಕರೆದ. ಅಷ್ಟರಲ್ಲಿ ಡಾಕ್ಟರ್ ದೇವಧರ ಬಾಯಿ, ಅವರ ಹಿಂದೆ ಸಾವಂತರು ಬಂದರು. ಡಾಕ್ಟರ್ ಬಾಯಿಯ ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು. ಏನಾಯಿತು ಎಂದು ಕೇಳಿದರು. ಗಾಬರಿಯಾದರೆ ನನಗೆ ಮರಾಠಿ ಮರೆತು ಕಾನ್ವೆಂಟಿನ ಇಂಗ್ಲಿಷ್ ಬರುತ್ತದೆ. ದಾರ ಸಿಗುವವರೆಗೆ ಇಲ್ಲಿಂದ ಹೋಗುವುದಿಲ್ಲ, ನೀವು ಯಂತ್ರ ನಿಲ್ಲಿಸಲು ತೀರ್ಮಾನಿಸಿದ್ದರೆ ನನ್ನ ಮುಖ ನೋಡಿ ಹೇಳಿರಿ ಎಂದೆ. ನನ್ನ ದನಿ ಮೆಲ್ಲಗೇ ಇತ್ತು. ಆದರೂ ಪಕ್ಕದ ಮಂಚದ ಬಳಿಯಿದ್ದವರು ತಿರುಗಿ ನೋಡಿದರು.

ಅವರು ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ತೀರ್ಮಾನ ಏನೂ ಆಗಿಲ್ಲ, ಆದರೆ ದಾರ ಸಿಗದೆ ಇವರು ನಮಗೆ ಕೆಲಸ ಮಾಡಗೊಡುವುದಿಲ್ಲ ಎಂದು ಸಾವಂತರಿಗೆ ಹೇಳಿ, ಗಾಡಿಯ ಕೆಳಗೆ, ಹಿಂದೆ ಎಲ್ಲಾದರೂ ಬಿದ್ದಿದೆಯೇ ನೋಡಲು ಹೇಳಿದರು. ಅದು ಇಕ್ಕಟ್ಟಿನ ಕೋಣೆ. ನಡುವೆ ಮೂತ್ರಪಿಂಡವೂ ಸೋತು ಅದರ ಯಂತ್ರವೂ ಬಂದ ಮೇಲೆ ಉಸಿರಿನ ಯಂತ್ರದ ಗಾಡಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿದ್ದರು. ಸಾವಂತರು ಪ್ರತಿ ತಾಸಿಗೂ ಆ ಪೆಟ್ಟಿಗೆಯ ಮೇಲೆ ಟಾರ್ಚ್ ಬಿಟ್ಟು ನೋಡುತ್ತಿದ್ದುದನ್ನು ನಾನು ಗಾಜಿನಿಂದ ಕಂಡಿದ್ದೆ. ಆದರೆ ಎದುರಿನಿಂದ, ಪಕ್ಕದಿಂದ. ಹಿಂಬದಿಯ ಕೆಳಮೂಲೆ ಗೋಡೆಗೂ ಹಿಡಿಕೆಗೂ ಮರೆಯಾಗಿತ್ತು.

"ಸಾವಕಾಶ ವಹಿನಿ, ಕೊಳವೆ ಮುಟ್ಟಬೇಡಿ" ಎಂದು ನನ್ನನ್ನು ಸರಿಸಿ, ಅವರು ಒಂದು ಕೈಯಿಂದ ಕೊಳವೆಗಳನ್ನು ಹಿಡಿದು, ಇನ್ನೊಂದು ಕೈಯಿಂದ ಗಾಡಿಯನ್ನು ಗೇಣಷ್ಟು ಮುಂದೆ ಎಳೆದರು. ಬಗ್ಗಿ ನೆಲದ ಮೇಲೆ ಟಾರ್ಚ್ ಬಿಟ್ಟರು. ದಾರವಿಲ್ಲ. ಮೇಲೇಳುವಾಗ ಟಾರ್ಚಿನ ಬೆಳಕು ಪೆಟ್ಟಿಗೆಯ ಬೆನ್ನಿನ ಮೇಲೆ ಹಾಯಿತು. ಅಲ್ಲೇ ನಿಂತಿತು.

ಅವರು ಮತ್ತೆ ನೆಲ ನೋಡಲಿಲ್ಲ. "ಮ್ಯಾಡಮ್, ಇಕಡೆ ಯಾ" ಎಂದು ಡಾಕ್ಟರ್ ಬಾಯಿಯನ್ನು ಮರಾಠಿಯಲ್ಲಿ ಮೆಲ್ಲಗೆ ಕರೆದರು. ಅವರ ಭುಜದ ಮೇಲಿಂದ ನಾನೂ ಕಂಡೆ. ಹಾಲು ಕಾಸುವಾಗ ತಳ ಹತ್ತಿದರೆ ಪಾತ್ರೆಯ ಮೂಲೆಯಲ್ಲಿ ಕರಿ ಹಕ್ಕಳೆ ಕಟ್ಟುತ್ತದಲ್ಲ, ಹಾಗೆ ಆ ಪೆಟ್ಟಿಗೆಯ ಹಿಂದಿನ ಕೆಳಮೂಲೆಯ ತುಂಬ ಕಪ್ಪು. ಅದರಿಂದ ಬಿಳಿ ಎಳೆಗಳು ದಾರದ ಹಾಗೆಯೇ ಮೇಲಕ್ಕೆ ಹೋಗಿದ್ದವು.

ನನ್ನನ್ನು ಹೊರಗೆ ಕಳಿಸಿದರು. ಈ ಸಲ ಹೋದೆ. ಸ್ವಲ್ಪ ಹೊತ್ತಿಗೆ ಡಾಕ್ಟರ್ ಬಾಯಿ ಬೆಂಚಿನ ಬಳಿ ಬಂದು, ನಿಂತುಕೊಂಡೇ ವಿವರಿಸಿದರು. ಕೃತಕ ಶ್ವಾಸಕೋಶದೊಳಗೆ ರಕ್ತ ಹೆಪ್ಪುಗಟ್ಟಿದೆ. ಅಲ್ಲಿ ಹೆಪ್ಪು ಬೆಳೆಯುತ್ತ ಹೋದಂತೆ, ಹೆಪ್ಪುಗಟ್ಟಿಸುವ ಅಂಶಗಳನ್ನೆಲ್ಲ ಅದೇ ಎಳೆದುಕೊಳ್ಳುತ್ತಿದೆ. ನಾವು ಕೊಟ್ಟ ಪ್ಲೇಟ್ಲೆಟ್ಟು, ಪ್ಲಾಸ್ಮಾ ಮೈಗೆ ಉಳಿಯದೆ ಅಲ್ಲೇ ಖರ್ಚಾಗುತ್ತಿವೆ. ಹಾಗಾಗಿ ಯಂತ್ರದಲ್ಲಿ ಗಟ್ಟಿ, ಮೈಯಲ್ಲಿ ನೀರು. ಒತ್ತಡದ ಮಾಪಕದಲ್ಲಿ ಹೆಚ್ಚು ವ್ಯತ್ಯಾಸ ಕಾಣದ್ದರಿಂದ ಯಂತ್ರದ ಮೇಲೆ ಅನುಮಾನ ಬರಲಿಲ್ಲ, ಸೋಂಕೇ ಕಾರಣವೆಂದು ಹೊರಟಿದ್ದೆವು ಎಂದರು. ಇದೇ ಪೂರ್ತಿ ಕಾರಣ ಎಂದು ಈಗಲೂ ಹೇಳಲಾರೆ, ಆದರೆ ಪೆಟ್ಟಿಗೆ ಬದಲಿಸಿ ನೋಡಬೇಕು, ಬದಲಿಸುವಷ್ಟು ಹೊತ್ತು ಅವರಿಗೆ ಯಂತ್ರದ ಉಸಿರು ಇರುವುದಿಲ್ಲ ಎಂದರು.

ಮಜ್ಜಿಗೆ ಸೋಸುವ ಬಟ್ಟೆ ಕಟ್ಟಿಕೊಂಡರೆ ಮೇಲೆ ಗಟ್ಟಿ, ಕೆಳಗೆ ಬರಿ ನೀರು. ಅಡುಗೆಮನೆಯಲ್ಲಿ ಕಂಡದ್ದೇ ಇದು. ಮೊದಲ ಸಲ ಅವರ ಮಾತು ನನ್ನೊಳಗೆ ನೇರವಾಗಿ ಇಳಿಯಿತು. ಇವರಿಗೆ ಮೊದಲೇ ಗೊತ್ತಿದ್ದು ಈಗ ಹೇಳುತ್ತಿದ್ದಾರೆಯೇ ಎಂಬ ಹುಳು ಕೊರೆಯದೆ ಇರಲಿಲ್ಲ. ಅವರ ಕೈ ನೋಡಿದೆ. ಪೆನ್ನಿನ ಮುಚ್ಚಳ ಹಾಕಿಯೇ ಇತ್ತು. ಆಗಲಿ ಎಂದೆ.

ಒಳಗೆ ಪರದೆ ಎಳೆದರು. ಕಾನ್ವೆಂಟಿನಲ್ಲಿ ಪ್ರಾರ್ಥನೆಗೆ ಕಣ್ಣು ಮುಚ್ಚೆಂದರೆ ನಾನು ಅರ್ಧ ತೆರೆದು ಮುಂದಿನವರ ಬೂಟಿನ ದಾರ ನೋಡುತ್ತಿದ್ದವಳು. ಅಂದೂ ಕಣ್ಣು ತೆರೆದೇ ಬೇಡಿಕೊಂಡೆ. ಪರದೆಯ ಕೆಳಗೆ ನಾಲ್ಕೈದು ಜೊತೆ ಕಾಲುಗಳು ಕಾಣುತ್ತಿದ್ದವು. ತಾಯೀ, ನಿನ್ನ ದಾರವನ್ನು ಯಾರೋ ಕಿತ್ತುಹಾಕಿದರು, ಅದಕ್ಕೆ ನೀನು ಮುನಿಸಿಕೊಳ್ಳಬೇಡ ಎಂದೆ. ಕಟ್ಟಿದ್ದು ದಾರವಾದರೂ ಹೊತ್ತದ್ದು ನನ್ನ ಮನಸ್ಸು, ಅದನ್ನು ನೋಡು ಎಂದೆ. ನನಗೆ ಯಾರ ಮೇಲೂ ನಂಬಿಕೆ ಉಳಿದಿಲ್ಲ, ನಿನ್ನ ಮೇಲೊಂದು ಉಳಿಸು ಎಂದೆ. ಪರದೆಯ ಕೆಳಗಿನ ಕಾಲುಗಳು ಒಮ್ಮೆಲೆ ನಿಶ್ಚಲವಾದವು. ಯಂತ್ರದ ಗುಂಯ್ ಶಬ್ದ ನಿಂತಿತು. ಕಾರಿಡಾರಿನಲ್ಲಿ ಚಹಾದವನ ಗ್ಲಾಸುಗಳ ಸದ್ದು ಮಾತ್ರ ಕೇಳುತ್ತಿತ್ತು. ಮತ್ತೆ ಗುಂಯ್ ಎಂದಾಗ ನಾನೂ ಉಸಿರಾಡಿದೆ.

ಹೊಸ ಪೆಟ್ಟಿಗೆ ಎಲ್ಲ ಕಡೆಯಿಂದಲೂ ಸ್ವಚ್ಛ ಕೆಂಪಾಗಿತ್ತು. ಗಾಡಿಯನ್ನು ಗೋಡೆಯಿಂದ ದೂರ ನಿಲ್ಲಿಸಿದ್ದರು. ಮಧ್ಯಾಹ್ನ ಲಿಸ್ಸಿಯವರು ತಾವಾಗಿ ಗಾಜಿನ ಬಳಿ ಬಂದು, ಕುತ್ತಿಗೆಗೆ ಕಟ್ಟಿದ ಪಟ್ಟಿಯನ್ನು ಬೆರಳಿನಿಂದ ತೋರಿಸಿದರು. ಬಿಳಿ ಪಟ್ಟಿ. ಈಗಷ್ಟೇ ಬದಲಿಸಿರಬೇಕು, ನನ್ನ ಸಮಾಧಾನಕ್ಕೆ ತೋರಿಸುತ್ತಿದ್ದಾರೆ ಎಂದುಕೊಂಡೆ. ಬಹಳ ಹೊತ್ತಿನ ನಂತರ ನೋಡಿದರೂ ಅದೇ ಪಟ್ಟಿ, ಅಂಚಿನಲ್ಲಿ ಸ್ವಲ್ಪ ಗುಲಾಬಿ ಅಷ್ಟೇ. ಸಂಜೆಯ ರಕ್ತಪರೀಕ್ಷೆಯಲ್ಲಿ ಹೆಪ್ಪುಗಟ್ಟಿಸುವ ಅಂಶ ಏರಲು ಶುರುವಾಗಿತ್ತು. ಯಂತ್ರ ನಿಲ್ಲಿಸುವ ಮಾತು ಈಗಿಲ್ಲ ಎಂದು ಡಾಕ್ಟರ್ ಬಾಯಿ ಹೇಳಿದರು. ಸ್ವಲ್ಪ ತಡೆದು, ಇನ್ನೆರಡು ದಿನದಲ್ಲಿ ನಮಗೂ ಅದು ಕಾಣುತ್ತಿತ್ತೇನೋ, ಆದರೆ ಅಷ್ಟು ಸಮಯ ಇತ್ತೆಂದು ನನಗೆ ಅನ್ನಿಸುವುದಿಲ್ಲ ಎಂದರು. ಅಷ್ಟು ಪ್ರಾಮಾಣಿಕವಾಗಿ ಹೇಳುವ ಅಗತ್ಯ ಅವರಿಗಿರಲಿಲ್ಲ.

ಇದನ್ನು ಓದುತ್ತಿರುವ, ತಾಯಿಯನ್ನು ನಂಬಿದ ನಿಮಗೆಲ್ಲ ಮುಂದಿನದನ್ನು ಈಗಲೇ ಹೇಳಿಬಿಡುತ್ತೇನೆ. ಶ್ವಾಸಕೋಶ ಬಿಡಿಸಿಕೊಳ್ಳಲು ಮತ್ತೂ ದಿನಗಳು ಹಿಡಿದವು. ನವರಾತ್ರಿಗೆ ಮುಂಚೆ ಯಂತ್ರ ತೆಗೆದರು. ದೀಪಾವಳಿಗೆ ನಮ್ಮವರು ವಾಡೆಯ ಮೆಟ್ಟಿಲನ್ನು, ನಡುವೆ ಒಮ್ಮೆ ನಿಂತು, ತಾವೇ ಹತ್ತಿದರು. ಶರಣಪ್ಪನವರಿಗೆ ಬೈಯುವುದನ್ನು ಬಿಟ್ಟಿಲ್ಲವಂತೆ. ಆಸ್ಪತ್ರೆಯಲ್ಲಿ ಎಷ್ಟೋ ಕೈಗಳು ದುಡಿದವು, ಅವರೆಲ್ಲರಿಗೂ ನಾನು ಋಣಿ. ಆದರೆ ಆ ಕೈಗಳಿಗೆ ಗಾಡಿಯನ್ನು ಗೋಡೆಯಿಂದ ಸರಿಸಲು ಹೇಳಿದವಳು ತಾಯಿಯೇ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅಷ್ಟೆಲ್ಲ ಸಂಶಯಗಳ ನಡುವೆ ಅದೊಂದು ಸಂಶಯ ಮಾತ್ರ ನನಗೆ ಈವರೆಗೂ ಬಂದಿಲ್ಲ. ಅದು ಯಾಕೆಂದು ತಿಳಿಯಲು ಆ ಶುಕ್ರವಾರದ ಸಂಜೆಗೆ ಮರಳಬೇಕು.

ಸಂಜೆ ಸುಮಿತ್ರಕ್ಕ ಪಾಳಿಗೆ ಬಂದಾಗ ಆಸ್ಪತ್ರೆಯ ಗೇಟಿನಲ್ಲಿ ಭೇಟಿಯಾದೆವು. ಪೆಟ್ಟಿಗೆ ಬದಲಿಸಿದ್ದು, ರಕ್ತ ನಿಂತದ್ದು ಹೇಳಿದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಏನೋ ಹೇಳಲು ಹೊರಟು, "ನೀ ಮನಿಗೆ ಹೋಗವಾ, ಒಂದೀಟು ಉಣ್ಣು" ಎಂದಷ್ಟೇ ಅಂದರು. ನಾನು ದಾರದ ಮಾತು ತೆಗೆಯಲಿಲ್ಲ. ಕಾವಲಿಗಿದ್ದವರು ನೀವು, ನಿಮ್ಮ ಕಣ್ಣೆದುರೇ ಕಿತ್ತು ಬಿಸಾಡಿದರೇನೋ ಎಂದು ಕೇಳುವ ಮನಸ್ಸಿತ್ತು. ಕೇಳದೆ ಬಸ್ಸು ಹತ್ತಿದೆ.

ವಾಡೆಗೆ ಬಂದಾಗ ದೀಪ ಹಚ್ಚುವ ಹೊತ್ತು. ನಮ್ಮ ನೆರೆಮನೆಯ ಗಂಗಾ ಕಾಕು ಅಂಗಳದ ತುಳಸಿಕಟ್ಟೆಯ ಬಳಿ ಕೂತು ಹೂಬತ್ತಿ ಹೊಸೆಯುತ್ತಿದ್ದರು. ಸೊಲ್ಲಾಪುರದ ಕಡೆಯ ಕನ್ನಡದವರು, ಪ್ರಿಯಾಳಿಗೆ ಆ ದಿನಗಳಲ್ಲಿ ಅವರ ಮನೆಯಲ್ಲೇ ಊಟ. ನಾನು ಕೈಕಾಲು ತೊಳೆಯಲು ಹೊರಟಾಗ, ಬತ್ತಿಯಿಂದ ಕಣ್ಣೆತ್ತದೆ ಕೇಳಿದರು.

"ಹ್ಯಾಂಗ ಅದಾನವಾ?"

"ಇವತ್ತ ಸ್ವಲ್ಪ ಛಲೋ ಅದಾರ್ರಿ, ಕಾಕು."

"ಹಂಗಾರ ಛಲೋ ಆತು. ನಾಳೆ ನೀರು ಲಗೂ ಬಿಡ್ತಾರಂತ, ಕೊಡ ಹೊರಗ ಇಟ್ಟ ಮಲಕೋ." ಇನ್ನೊಂದು ಬತ್ತಿ ಹೊಸೆದಿಟ್ಟರು. "ಹಾಂ, ನಿಮ್ಮ ಸುಮಿತ್ರಾ ಮುಂಜಾನೆ ಡಬ್ಬಿ ಚೀಲದಾಗ ಅವನ ಕೈಯಾಗಿನ ದಾರ ತಂದಿದ್ದಳು. ಕೈ ಬಾತು ದಾರ ಒತ್ತಾಕತ್ತಿತ್ತಂತ, ರಾತ್ರಿ ನರ್ಸ ಕತ್ತರಿಸಿ ಇವಳ ಕೈಯಾಗ ಕೊಟ್ಟಳಂತ. ನೀ ಅಂಜತೀ ಅಂತ ನಿನಗ ಹೇಳಲಿಲ್ಲ, ಪಾಪ. ಆಸ್ಪತ್ರಿ ಮೈಲಿಗ್ಯಾಗ ತುಳಸಿ ಮುಟ್ಟಾಕ ಬರೂದಿಲ್ಲಂತ ನನ್ನ ಕೈಲೆ ತುಳಸಿಗೆ ಕಟ್ಟಿಸಿದಳು. ನೋಡು, ಮುಂಜಾನಿಂದ ಇಲ್ಲೇ ಅದ. ನೀನೂ ಸ್ನಾನ ಮಾಡದ ಮುಟ್ಟಬ್ಯಾಡ ಮತ್ತ."